ನೆಲದ ಬೆಲೆಯನ್ನು ಅಳೆಯುವ ಶಾಸ್ತ್ರ

ಕಲಬುರಗಿ ನಗರದಿಂದ ಹುಮನಾಬಾದಿನ ದಾರಿಯನ್ನು ಹಿಡಿದು ಈಶಾನ್ಯ ದಿಕ್ಕಿಗೆ ಹೊರಟರೆ ನಲವತ್ತು ಕಿಲೊಮೀಟರು ತುಂಬುವುದರೊಳಗೆ ಕಮಲಾಪುರ ಸಿಕ್ಕುತ್ತದೆ. ಈ ಅಲ್ಪ ದೂರದಲ್ಲಿ ನೆಲದ ಬೆಲೆ ಎಷ್ಟು ಬಗೆಯಾಗಿ ಮಾರ್ಪಡುತ್ತದೆಂಬುದನ್ನು ಅಲ್ಲಿಯವರೆಲ್ಲರೂ ಬಲ್ಲರು. ನಗರದ ಸೂಪರ್ ಮಾರ್ಕೆಟ್ ಸುತ್ತಮುತ್ತ ನೆಲಕ್ಕೆ ಚದರಡಿಯ ಲೆಕ್ಕ. ಊರಂಚಿನ ಬಡಾವಣೆಗಳಲ್ಲಿ ಪ್ಲಾಟಿನ ಲೆಕ್ಕ. ಅದನ್ನೂ ದಾಟಿದರೆ ಎಕರೆಯ ಲೆಕ್ಕ. ನಗರದ ಒಂದು ನಿವೇಶನದಿಂದಲೂ ದಾರಿಯ ಬದಿಯ ಒಂದು ತೊಗರಿಯ ಹೊಲದಿಂದಲೂ ಒಂದೊಂದು ಬುಟ್ಟಿ ಎರೆಮಣ್ಣನ್ನು ತಂದು ಪ್ರಯೋಗಶಾಲೆಯಲ್ಲಿ ಎಷ್ಟೇ ಪರೀಕ್ಷಿಸಿದರೂ ಇಷ್ಟು ದೊಡ್ಡ ಅಂತರಕ್ಕೆ ಕಾರಣ ಆ ಮಣ್ಣಿನಲ್ಲಿ ದೊರೆಯುವುದಿಲ್ಲ.

ಹಾಗಾದರೆ ಬೆಲೆ ಇರುವುದೆಲ್ಲಿ? ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ಹೋಲುವ ಒಂದು ಸಂಗತಿ ಮೊದಲೇ ಪರಿಚಿತವಾಗಿದೆ. ದ್ರವ್ಯರಾಶಿ ವಸ್ತುವಿನದೇ ಗುಣ. ವಸ್ತು ಭೂಮಿಯ ಮೇಲಿರಲಿ, ಚಂದ್ರನ ಮೇಲಿರಲಿ, ಅದು ಬದಲಾಗದು. ತೂಕವಾದರೋ ವಸ್ತುವು ಎಲ್ಲಿದೆ, ಅದರ ಸುತ್ತ ಏನಿದೆ ಎಂಬುದನ್ನು ಅವಲಂಬಿಸಿದೆ. ನೆಲದ ಫಲವತ್ತತೆಯನ್ನು ದ್ರವ್ಯರಾಶಿಗೆ ಹೋಲಿಸುವುದಾದರೆ ಅದರ ಬೆಲೆಯನ್ನು ತೂಕಕ್ಕೆ ಹೋಲಿಸಬಹುದು. ದಾರಿ, ಮಾರುಕಟ್ಟೆ, ನೀರು, ಕಾನೂನು, ಜನರ ನಿರೀಕ್ಷೆ ಇವೆಲ್ಲ ಸೇರಿ ನೆಲದ ಸುತ್ತ ಒಂದು ಕ್ಷೇತ್ರವನ್ನು ನಿರ್ಮಿಸುತ್ತವೆ. ಆ ಕ್ಷೇತ್ರದಲ್ಲಿ ನೆಲಕ್ಕಿರುವ ಸ್ಥಾನವೇ ಅದರ ಬೆಲೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಪದವಿ ಪಡೆದು ರಿಯಲ್ ಎಸ್ಟೇಟ್ ವ್ಯವಹಾರವನ್ನು ವೃತ್ತಿಯಾಗಿ ಕೈಕೊಳ್ಳಬೇಕೆಂದು ಬಯಸುವ ತರುಣರು ಈಗ ಕಡಿಮೆಯಿಲ್ಲ. ಇದಕ್ಕೆ ಓದೇಕೆ, ಮಾತಿನ ಚಾತುರ್ಯವೂ ನಾಲ್ಕು ಜನರ ಪರಿಚಯವೂ ಸಾಲದೆ, ಎಂದು ಕೇಳುವವರೂ ಇದ್ದಾರೆ. ಸಾಲದು ಎಂಬುದೇ ಈ ಲೇಖನದ ಉತ್ತರ. ನೆಲದ ಬೆಲೆ ಊಹೆಯ ವಿಷಯವಲ್ಲ. ಅದು ಅಳತೆಯ ವಿಷಯ. ಅಳತೆ ತಪ್ಪಿದಾಗ ನಷ್ಟಪಡುವವರು ಯಾರೆಂಬುದನ್ನೂ ಮುಂದೆ ನೋಡೋಣ.

ಸರಪಳಿಯಿಂದ ಮೊದಲು

ಬೆಲೆಯನ್ನು ಅಳೆಯುವ ಮುನ್ನ ನೆಲವನ್ನು ಅಳೆಯಬೇಕಷ್ಟೆ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರ ಸುಮಾರಿಗೆ 66 ಅಡಿ ಉದ್ದದ, 100 ಕೊಂಡಿಗಳ ಸರಪಳಿಯೊಂದನ್ನು ಬಳಕೆಗೆ ತಂದನು. ಇಂಥ ಹತ್ತು ಚದರ ಸರಪಳಿಗಳು ಸರಿಯಾಗಿ ಒಂದು ಎಕರೆ, ಎಂದರೆ 43,560 ಚದರಡಿ. ನಮ್ಮ ಗುಂಟೆ ಈ ಸರಪಳಿಗೆ ಸೊಗಸಾಗಿ ಹೊಂದಿಕೊಳ್ಳುತ್ತದೆ: ಅರ್ಧ ಸರಪಳಿ ಎಂದರೆ 33 ಅಡಿ, 33 ಅಡಿ ಉದ್ದ, 33 ಅಡಿ ಅಗಲದ ಚೌಕ 1,089 ಚದರಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ.

ಪ್ರಯೋಗಶಾಲೆಯಲ್ಲಿ ನೂರಕ್ಕೆ ಒಂದರಷ್ಟು ದೋಷವನ್ನು ನಾವು ಅಷ್ಟಾಗಿ ಲೆಕ್ಕಿಸುವುದಿಲ್ಲ. ಒಂದು ಎಕರೆಯಲ್ಲಿ ಅಷ್ಟೇ ದೋಷವಾದರೆ 435 ಚದರಡಿಗೂ ಹೆಚ್ಚು ನೆಲ ಲೆಕ್ಕಕ್ಕೆ ಸಿಕ್ಕದೆ ಹೋಗುತ್ತದೆ. ಹೊಲದಲ್ಲಿ ಅದು ಕೆಲವು ಸಾಲು ತೊಗರಿ. ನಗರದ ನಡುವೆ ಅದು ಒಂದು ಅಂಗಡಿ. ಒಂದೇ ದೋಷದ ಬೆಲೆ ಎರಡು ಕಡೆ ಎರಡು ಬಗೆ. ಕಲಬುರಗಿ ಸೀಮೆಯಲ್ಲಿ ದಾಖಲೆಯ ತೊಡಕೂ ಉಂಟು. 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದ ಈ ಪ್ರದೇಶದ ಹಳೆಯ ಕಾಗದಪತ್ರಗಳನ್ನು ಓದಲು ಹಲವು ಕಡೆ ಉರ್ದು ಬಲ್ಲವರ ನೆರವು ಬೇಕು. ಕರ್ನಾಟಕವು 2000ದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆದರೆ ಯಂತ್ರವು ತನಗೆ ಕೊಟ್ಟುದನ್ನು ಮಾತ್ರ ಕಾಪಾಡಬಲ್ಲದು. ಮೂಲದ ತಪ್ಪನ್ನು ತಾನಾಗಿ ತಿದ್ದಲಾರದು. ಅದಕ್ಕೆ ಬಲ್ಲವನ ಕಣ್ಣು ಬೇಕು.

ದೂರದ ಲೆಕ್ಕ

ನೆಲದ ಬೆಲೆಯ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಇಬ್ಬರನ್ನು ಇಲ್ಲಿ ಸ್ಮರಿಸಬೇಕು. ಡೇವಿಡ್ ರಿಕಾರ್ಡೊ 1817ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಧಾನ್ಯದ ಬೆಲೆ ಏರುವುದರಿಂದ ಗೇಣಿ ಏರುತ್ತದೆಯೇ ಹೊರತು ಗೇಣಿ ಏರಿದುದರಿಂದ ಧಾನ್ಯದ ಬೆಲೆ ಏರುವುದಿಲ್ಲ ಎಂದು ವಾದಿಸಿದನು. ಜರ್ಮನಿಯ ಮೆಕ್ಲೆನ್‌ಬುರ್ಗ್ ಪ್ರಾಂತದಲ್ಲಿ ಸ್ವತಃ ಬೇಸಾಯ ಮಾಡಿಸುತ್ತಿದ್ದ ಯೋಹಾನ್ ಹೈನ್‌ರಿಶ್ ಫಾನ್ ಥ್ಯೂನೆನ್ 1826ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಬಯಲಿನ ನಡುವೆ ಒಂದೇ ಒಂದು ಪಟ್ಟಣವಿದೆ, ಸುತ್ತಲೂ ನೆಲ ಒಂದೇ ಬಗೆಯದು ಎಂದು ಭಾವಿಸಿ, ಯಾವ ದೂರದಲ್ಲಿ ಯಾವ ಬೆಳೆ ಲಾಭದಾಯಕವೆಂಬುದನ್ನು ಅವನು ಲೆಕ್ಕಹಾಕಿದನು. ಬೇಗ ಕೆಡುವ ಸರಕು ಪಟ್ಟಣದ ಬಳಿಯಲ್ಲಿಯೂ ಕೆಡದ ಸರಕು ದೂರದಲ್ಲಿಯೂ ಉಂಗುರಗಳಂತೆ ಹರಡಿಕೊಳ್ಳುವುವು ಎಂಬುದು ಅವನ ನಿರ್ಣಯ.

ಈ ಲೆಕ್ಕವನ್ನು ನಮ್ಮ ದಾರಿಗೇ ಅನ್ವಯಿಸಿ ನೋಡಬಹುದು. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತನ್ನು ಪಡೆದ ಹಣ್ಣು. ಕಲಬುರಗಿಯ ತೊಗರಿಬೇಳೆಗೂ ಅಂಥ ಗುರುತು ದೊರೆತಿದೆ. ಕಲಬುರಗಿ ಮಾರುಕಟ್ಟೆಯನ್ನು ಕೇಂದ್ರವೆಂದು ಇಟ್ಟುಕೊಳ್ಳೋಣ. ಮುಂದಿನ ಅಂಕಿಗಳು ಲೆಕ್ಕದ ದಾರಿಯನ್ನು ತೋರಿಸಲು ಕಲ್ಪಿಸಿದವು ಮಾತ್ರ. ಮಾರುಕಟ್ಟೆಯ ಬಾಗಿಲಲ್ಲೇ ಬೆಳೆದರೆ ಎಕರೆಯೊಂದಕ್ಕೆ ವರ್ಷಕ್ಕೆ ಬಾಳೆಯಿಂದ 1,20,000 ರೂಪಾಯಿ, ತೊಗರಿಯಿಂದ 30,000 ರೂಪಾಯಿ ನಿವ್ವಳ ಉಳಿಯುತ್ತದೆನ್ನಿ. ಬಾಳೆ ಭಾರದ ಸರಕು, ದಾರಿಯಲ್ಲಿ ಕೆಡುವುದೂ ಉಂಟು. ಆದುದರಿಂದ ಅದಕ್ಕೆ ಪ್ರತಿ ಕಿಲೊಮೀಟರಿಗೂ ಎಕರೆಗೆ 1,000 ರೂಪಾಯಿ ತಗಲುತ್ತದೆ. ತೊಗರಿಗೆ ಕೇವಲ 20 ರೂಪಾಯಿ. ನಲವತ್ತು ಕಿಲೊಮೀಟರು ದೂರದಲ್ಲಿ ಬಾಳೆಗೆ ಉಳಿಯುವುದು 80,000, ತೊಗರಿಗೆ 29,200. ಎರಡೂ ಸಮನಾಗುವುದು ಸುಮಾರು 92 ಕಿಲೊಮೀಟರು ದೂರದಲ್ಲಿ. ಅದರಾಚೆ, ನೀರಿದ್ದರೂ ಸಹ, ತೊಗರಿಯೇ ಮೇಲು.

ಈಗ ದಾರಿ ಉತ್ತಮವಾಗಿ ಬಾಳೆಯ ಸಾಗಣೆಯ ವೆಚ್ಚ ಅರ್ಧಕ್ಕೆ ಇಳಿಯಿತೆಂದು ಊಹಿಸಿರಿ. ನಲವತ್ತನೆಯ ಕಿಲೊಮೀಟರಿನ ತೋಟಕ್ಕೆ ಉಳಿಯುವುದು 80,000ದಿಂದ 1,00,000ಕ್ಕೆ ಏರುತ್ತದೆ. ತೋಟದ ಒಂದು ಹೆಂಟೆಯೂ ಬದಲಾಗಿಲ್ಲ, ರೈತ ಹೆಚ್ಚಾಗಿ ದುಡಿದೂ ಇಲ್ಲ, ಬದಲಾದುದು ಕ್ಷೇತ್ರ.

ವರ್ಷದ ಆದಾಯದಿಂದ ಬೆಲೆಗೆ

ವರ್ಷಕ್ಕೆ 80,000 ರೂಪಾಯಿ ಕೊಡುವ ನೆಲದ ಬೆಲೆ ಎಷ್ಟು? ಮುಂದಿನ ವರ್ಷ ಬರುವ ನೂರು ರೂಪಾಯಿ ಇಂದಿನ ನೂರು ರೂಪಾಯಿಗೆ ಸಮನಲ್ಲ. ಬಡ್ಡಿ ನೂರಕ್ಕೆ 8 ಎಂದು ಹಿಡಿದರೆ, ಇಂದು ಸುಮಾರು 92 ರೂಪಾಯಿ 60 ಪೈಸೆಯನ್ನು ಇಟ್ಟವನಿಗೆ ಒಂದು ವರ್ಷದ ಮೇಲೆ ನೂರು ರೂಪಾಯಿ ಕೈಸೇರುತ್ತದೆ. ಆದಕಾರಣ ಮುಂದೆ ಬರುವ ಪ್ರತಿಯೊಂದು ವರ್ಷದ ಆದಾಯವನ್ನೂ ಹೀಗೆ ಕುಗ್ಗಿಸಿ ಕೂಡಿಸಬೇಕು. ಕಾಲೇಜಿನ ವಿದ್ಯಾರ್ಥಿಗಳು ಕಲಿತಿರುವ ಅನಂತ ಗುಣೋತ್ತರ ಶ್ರೇಢಿ ಇದೇ. ಅದರ ಮೊತ್ತ ಬಹು ಸರಳ: ವರ್ಷದ ಆದಾಯವನ್ನು ಬಡ್ಡಿಯ ದರದಿಂದ ಭಾಗಿಸಿದರೆ ಸಾಕು. 80,000ವನ್ನು 0.08ರಿಂದ ಭಾಗಿಸಿದರೆ 10 ಲಕ್ಷ. 1,00,000ವನ್ನು ಭಾಗಿಸಿದರೆ 12 ಲಕ್ಷ 50 ಸಾವಿರ. ದಾರಿಯೊಂದು ಉತ್ತಮವಾದ ಮಾತ್ರಕ್ಕೆ ಎಕರೆಗೆ ಎರಡೂವರೆ ಲಕ್ಷ ರೂಪಾಯಿ ಕೂಡಿತು. ಈ ವಿಷಯವನ್ನು ತಿಳಿಯದವನು ದಾರಿಯ ಕೆಲಸ ಮುಗಿಯುವ ಮೊದಲೇ ಹಳೆಯ ಬೆಲೆಗೆ ತೋಟವನ್ನು ಮಾರಿ ಕೈತೊಳೆದುಕೊಳ್ಳುತ್ತಾನೆ, ತಿಳಿದವನು ಕೊಳ್ಳುತ್ತಾನೆ.

ಈ ಕುಗ್ಗುವಿಕೆಗೂ ವಿಕಿರಣಶೀಲ ಧಾತುಗಳ ಕ್ಷಯಕ್ಕೂ ನಿಯಮ ಒಂದೇ. ರೇಡಿಯಮ್ಮಿಗೆ ಅರ್ಧಾಯುಷ್ಯವಿರುವಂತೆ ನಾಳೆಯ ರೂಪಾಯಿಗೂ ಅರ್ಧಾಯುಷ್ಯವಿದೆ. ಬಡ್ಡಿ ನೂರಕ್ಕೆ 8 ಆದರೆ ಅದು ಒಂಬತ್ತು ವರ್ಷ. ಒಂಬತ್ತು ವರ್ಷಗಳ ಮೇಲೆ ಕೈಸೇರುವ 20 ಲಕ್ಷ ಇಂದಿಗೆ 10 ಲಕ್ಷ. ಹದಿನೆಂಟು ವರ್ಷಗಳ ಮೇಲಾದರೆ 5 ಲಕ್ಷ ಮಾತ್ರ.

ಇದಕ್ಕೆ ನಮ್ಮ ದಾರಿಯಲ್ಲಿಯೇ ನಿಜವಾದ ನಿದರ್ಶನವಿದೆ. ಬೀದರದಿಂದ ಹುಮನಾಬಾದ್, ಕಮಲಾಪುರಗಳ ಮೂಲಕ ಕಲಬುರಗಿಗೆ ಬರುವ ಸುಮಾರು 110 ಕಿಲೊಮೀಟರಿನ ರೈಲುದಾರಿ, ಸುಮಾರು ಎರಡು ದಶಕಗಳ ಕಾಯುವಿಕೆಯ ನಂತರ, 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ರೈಲು ಬರುತ್ತದೆಂಬ ಸುದ್ದಿ ಕೇಳಿದ ದಿನವೇ ಒಬ್ಬನು ನಿಲ್ದಾಣದ ಬಳಿ ನೆಲ ಕೊಂಡನೆನ್ನಿ. ಇಪ್ಪತ್ತು ವರ್ಷ ಕಾದವನಿಗೆ ಆ ನೆಲದ ಬೆಲೆ ನಾಲ್ಕು ಪಟ್ಟಾದರೆ ಅವನು ಗೆದ್ದನೆಂದು ನೆರೆಯವರು ಹೇಳುತ್ತಾರೆ. ಲೆಕ್ಕ ಬೇರೆಯಾಗಿದೆ. ನೂರಕ್ಕೆ 8ರ ಚಕ್ರಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಹಣ 4.66 ಪಟ್ಟಾಗುತ್ತದೆ. ನೆಲವು ನಡುವೆ ಏನನ್ನೂ ಬೆಳೆಯದೆ ಬರಿದೇ ಬಿದ್ದಿದ್ದರೆ ಅವನು ಸೋತಿದ್ದಾನೆ. ಇನ್ನು, ಬರುತ್ತದೆಂದ ಯೋಜನೆ ಬಾರದೆಯೂ ಹೋಗಬಹುದು. ಬರುವ ಸಂಭವ ಅರ್ಧದಷ್ಟಿದ್ದರೆ ಆ ನಿರೀಕ್ಷೆಗೆ ತೆರಬೇಕಾದ ಬೆಲೆಯೂ ಸ್ಥೂಲವಾಗಿ ಅರ್ಧವೇ. ದಲ್ಲಾಳಿಯ ಮಾತಿನಲ್ಲಿ ಈ ಎರಡು ಭಾಗಾಕಾರಗಳೂ ಇರುವುದಿಲ್ಲ.

ಮಣ್ಣು ಮತ್ತೆ ಬರುತ್ತದೆ

ಬೆಲೆಯ ಮುಖ್ಯ ಕಾರಣ ಮಣ್ಣಿನಲ್ಲಿಲ್ಲವೆಂದು ಮೊದಲಲ್ಲಿ ಹೇಳಿದೆವು. ಹಾಗೆಂದು ಮಣ್ಣನ್ನು ಮರೆಯುವಂತಿಲ್ಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ಹಾಳೆಗಳ ಕಟ್ಟಿನಂತಿದೆ. ಹಾಳೆಗಳ ನಡುವೆ ನೀರು ಸೇರಿದರೆ ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿದರೆ ಕುಗ್ಗಿ ಬಿರಿಯುತ್ತದೆ. ನೀರನ್ನು ಹಿಡಿದಿಡುವ ಈ ಗುಣವೇ ತೊಗರಿಯ ಬೆಳೆಗಾರನಿಗೆ ಭಾಗ್ಯ. ಮನೆ ಕಟ್ಟುವವನಿಗೆ ಅದೇ ಸಂಕಟ. ಗೋಡೆ ಸೀಳದಂತೆ ತಡೆಯಲು ಪಾಯವನ್ನು ಆಳಕ್ಕೆ ಒಯ್ಯಬೇಕು, ಇಲ್ಲವೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂಥ ಮಣ್ಣಿಗಾಗಿಯೇ ರೂಪಿಸಿದ, ಬುಡದಲ್ಲಿ ಉಬ್ಬಿರುವ ಕಂಬಗಳನ್ನು ಇಳಿಸಬೇಕು.

ಇದರಿಂದ ನಿವೇಶನದ ಬೆಲೆಗೆ ಆಗುವ ಪರಿಣಾಮವನ್ನು ಶೇಷ ವಿಧಾನದಿಂದ ಕಂಡುಕೊಳ್ಳುತ್ತಾರೆ. ಕಟ್ಟಿ ಮುಗಿಸಿದ ಮನೆ 50 ಲಕ್ಷಕ್ಕೆ ಹೋಗುತ್ತದೆ. ಕಟ್ಟುವ ವೆಚ್ಚ 30 ಲಕ್ಷ. ಬಡ್ಡಿ, ಶುಲ್ಕ, ಕಟ್ಟಿಸುವವನ ಲಾಭ ಎಲ್ಲ ಸೇರಿ 8 ಲಕ್ಷ ಎಂದಿಟ್ಟುಕೊಳ್ಳಿ. ಉಳಿದ 12 ಲಕ್ಷವೇ ನೆಲಕ್ಕೆ ಕೊಡಬಹುದಾದ ಬೆಲೆ. ಪಾಯಕ್ಕೆ ಇನ್ನೆರಡು ಲಕ್ಷ ಹಿಡಿದರೆ ನೆಲದ ಬೆಲೆ 10 ಲಕ್ಷಕ್ಕೆ ಇಳಿಯುತ್ತದೆ. ಅದೇ ಮನೆಯ ಬೆಲೆ ನೂರಕ್ಕೆ ಹತ್ತರಷ್ಟು ಏರಿ 55 ಲಕ್ಷವಾದರೆ ನೆಲದ ಬೆಲೆ 12ರಿಂದ 17 ಲಕ್ಷಕ್ಕೆ, ಎಂದರೆ ನೂರಕ್ಕೆ ನಲವತ್ತಕ್ಕಿಂತ ಹೆಚ್ಚಾಗಿ ಏರುತ್ತದೆ, ಇಳಿದಾಗಲೂ ಹೀಗೆಯೇ. ಮನೆಗಳ ಬೆಲೆ ಅಲುಗಿದರೆ ನಿವೇಶನಗಳ ಬೆಲೆ ಹಾರಾಡುವುದು ಈ ಕಾರಣದಿಂದ.

ಸುಳ್ಳು ಹೇಳುವ ಮಾಪಕ

ಇದುವರೆಗೆ ಬೆಲೆಯನ್ನು ಲೆಕ್ಕದಿಂದ ಕಂಡುಹಿಡಿದೆವು. ಲೆಕ್ಕವನ್ನು ಪರೀಕ್ಷಿಸಲು ಪ್ರಯೋಗ ಬೇಕು. ನೆಲದ ವಿಷಯದಲ್ಲಿ ಪ್ರಯೋಗವೆಂದರೆ ಮಾರಾಟ. ಮಾಪಕದ ಮುಳ್ಳು ತೋರಿಸುವ ಅಂಕಿ ಎಂದರೆ ನೋಂದಾಯಿತ ಕ್ರಯಪತ್ರದಲ್ಲಿ ಬರೆದ ಮೊತ್ತ. ಮುದ್ರಾಂಕ ಶುಲ್ಕವನ್ನು ಉಳಿಸಲು ನಿಜವಾದ ಬೆಲೆಗಿಂತ ಕಡಿಮೆ ಬರೆಯುವುದು ಬಹುಕಾಲದಿಂದ ನಡೆದುಬಂದ ದುರಭ್ಯಾಸ. ಅದರಿಂದ ಸರಕಾರಕ್ಕೆ ಮಾತ್ರ ನಷ್ಟವೆಂದು ಹಲವರು ಭಾವಿಸುತ್ತಾರೆ. ನಷ್ಟ ನೆರೆಯ ರೈತನದು.

ಹೇಗೆಂದರೆ, ಭೂಸ್ವಾಧೀನದಲ್ಲಿ ನ್ಯಾಯಯುತ ಪರಿಹಾರವನ್ನು ಕುರಿತ 2013ರ ಅಧಿನಿಯಮವು ಸ್ವಾಧೀನವಾಗುವ ನೆಲದ ಪೇಟೆಬೆಲೆಯನ್ನು ನಿಗದಿ ಮಾಡುವ ರೀತಿಯನ್ನು ಹೇಳಿದೆ. ಹತ್ತಿರದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ, ಅಂಥದೇ ನೆಲದ ಕ್ರಯಪತ್ರಗಳನ್ನು ತೆಗೆದುಕೊಂಡು, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧಭಾಗದ ಸರಾಸರಿಯನ್ನು ಹಿಡಿಯಬೇಕು. ಈ ಸರಾಸರಿ, ಮುದ್ರಾಂಕ ಶುಲ್ಕಕ್ಕೆಂದು ಗೊತ್ತುಮಾಡಿದ ದರ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಗಣಿಸಬೇಕು. ಗ್ರಾಮಾಂತರದಲ್ಲಿ ಪಟ್ಟಣದಿಂದ ಇರುವ ದೂರಕ್ಕೆ ತಕ್ಕಂತೆ ಅದನ್ನು 1ರಿಂದ 2ರ ವರೆಗಿನ ಸಂಖ್ಯೆಯಿಂದ ಗುಣಿಸಿ, ಬಂದ ಮೊತ್ತಕ್ಕೆ ಅಷ್ಟನ್ನೇ ಸಾಂತ್ವನಧನವಾಗಿ ಕೂಡಿಸಬೇಕು.

ಒಂದು ಹಳ್ಳಿಯಲ್ಲಿ ಮೂರು ವರ್ಷಗಳಲ್ಲಿ ಆರು ಮಾರಾಟಗಳು ನಡೆದವೆನ್ನಿ. ಎಕರೆಗೆ ನಿಜವಾಗಿ ಕೈಬದಲಾದ ಹಣ ಲಕ್ಷಗಳಲ್ಲಿ 8, 9, 10, 11, 12, 13. ಮೇಲಿನ ಅರ್ಧದ ಸರಾಸರಿ 12. ಗುಣಕ 1 ಎಂದೇ ಹಿಡಿದರೂ ಎಕರೆಗೆ ಪರಿಹಾರ 24 ಲಕ್ಷ. ಪತ್ರಗಳಲ್ಲೆಲ್ಲ ಅರ್ಧ ಬೆಲೆಯನ್ನೇ ಬರೆದಿದ್ದರೆ, ಸರಕಾರಿ ದರವೂ ಹಿಂದುಳಿದಿದ್ದರೆ, ಸರಾಸರಿ 6. ಪರಿಹಾರ 12 ಲಕ್ಷ. ಶುಲ್ಕವನ್ನು ನೂರಕ್ಕೆ ಐದರಂತೆ ಹಿಡಿದರೆ, ಹನ್ನೆರಡು ಲಕ್ಷದ ನೆಲವನ್ನು ಆರು ಲಕ್ಷವೆಂದು ಬರೆಸಿ ಕೊಂಡವನು ಉಳಿಸಿದ್ದು ಮೂವತ್ತು ಸಾವಿರ. ದಾರಿಗಾಗಿಯೋ ಕಾಲುವೆಗಾಗಿಯೋ ನೆಲವನ್ನು ಬಿಟ್ಟುಕೊಟ್ಟ ನೆರೆಯವನು ಕಳೆದುಕೊಂಡದ್ದು ಎಕರೆಗೆ ಹನ್ನೆರಡು ಲಕ್ಷ. ಅವನು ಯಾವ ಸುಳ್ಳನ್ನೂ ಬರೆದವನಲ್ಲ. ಮಾಪಕವನ್ನು ಕೆಡಿಸಿದವರು ಬೇರೆ, ದಂಡ ತೆತ್ತವನು ಬೇರೆ.

ವಿಶ್ವವಿದ್ಯಾನಿಲಯದಲ್ಲಿ ಏನನ್ನು ಓದಬೇಕು?

ಲಂಡನ್ನಿನಲ್ಲಿ ಭೂಮಾಪಕರ ಸಂಸ್ಥೆಯೊಂದು 1868ರಲ್ಲಿಯೇ ಸ್ಥಾಪಿತವಾಗಿ, ನೆಲವನ್ನು ಅಳೆಯುವವರಿಗೂ ಬೆಲೆಕಟ್ಟುವವರಿಗೂ ವೃತ್ತಿಯ ಕಟ್ಟಳೆಗಳನ್ನು ವಿಧಿಸಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಲಿ 1920ರಲ್ಲಿ ಭೂ ಅರ್ಥಶಾಸ್ತ್ರದ ಸಂಶೋಧನೆಗೆಂದೇ ಒಂದು ಸಂಸ್ಥೆಯನ್ನು ತೆರೆದನು. ಥ್ಯೂನೆನ್ ಹೊಲಗಳಿಗೆ ಹಾಕಿದ ಲೆಕ್ಕವನ್ನು ವಿಲಿಯಂ ಅಲೊನ್ಸೊ 1964ರಲ್ಲಿ ನಗರದ ಮನೆ, ಅಂಗಡಿಗಳಿಗೆ ವಿಸ್ತರಿಸಿದನು.

ನಮ್ಮ ದೇಶದಲ್ಲಿಯೂ ಈ ವೃತ್ತಿಗೆ ಈಗ ಕಾನೂನಿನ ಚೌಕಟ್ಟು ಬಂದಿದೆ. ಕಂಪನಿಗಳ ಕಾನೂನಿನಡಿ 2017ರಲ್ಲಿ ಹೊರಟ ನಿಯಮಗಳಂತೆ, ನೆಲ ಮತ್ತು ಕಟ್ಟಡಗಳ ನೋಂದಾಯಿತ ಮೌಲ್ಯಮಾಪಕನಾಗಲು ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರಯೋಜನೆಯ ಪದವಿಯೂ, ಪದವಿಯ ನಂತರ ಐದು ವರ್ಷಗಳ ಅನುಭವವೂ ಬೇಕು. ಸ್ನಾತಕೋತ್ತರ ಪದವೀಧರರಿಗೆ ಮೂರು ವರ್ಷ ಸಾಕು. ಅದರ ಮೇಲೆ ನಿಗದಿಯಾದ ತರಬೇತಿಯನ್ನು ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ರೇರಾ ಎಂದು ಹೆಸರಾಗಿರುವ 2016ರ ಅಧಿನಿಯಮದ ಪ್ರಕಾರ, 500 ಚದರ ಮೀಟರಿಗಿಂತ ಹೆಚ್ಚಿನ ನೆಲದಲ್ಲಿ ಬಡಾವಣೆ ಮಾಡುವವರು ನೋಂದಣಿಯಾಗದೆ ಮಾರುವಂತಿಲ್ಲ. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಆ ಯೋಜನೆಗೆಂದೇ ಬೇರೆ ಖಾತೆಯಲ್ಲಿ ಇಡಬೇಕು. ಇಂಥ ಯೋಜನೆಗಳ ನಿವೇಶನಗಳನ್ನು ಮಾರಿಸಿಕೊಡುವ ದಲ್ಲಾಳಿಗೂ ನೋಂದಣಿ ಕಡ್ಡಾಯ.

ಕಲಬುರಗಿಯ ವಿದ್ಯಾರ್ಥಿ ಇದಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ. 1958ರಲ್ಲಿ ಸ್ಥಾಪಿತವಾದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಅವನ ಊರಿನಲ್ಲಿಯೇ ಇದೆ. ಅರ್ಥಶಾಸ್ತ್ರಕ್ಕೆ 1980ರ ಗುಲಬರ್ಗಾ ವಿಶ್ವವಿದ್ಯಾನಿಲಯವೂ, 2009ರಲ್ಲಿ ಆರಂಭವಾಗಿ ಈಗ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಇವೆ. ಯಾವ ಪದವಿಯನ್ನು ಆರಿಸಿಕೊಂಡರೂ ನಾಲ್ಕು ವಿಷಯಗಳ ಪರಿಚಯ ತಪ್ಪದು: ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಭೂ ಕಾನೂನು, ಕಟ್ಟಡ ಮತ್ತು ಮಣ್ಣಿನ ವಿಜ್ಞಾನ. ಒಂದು ಕಾಲಿಲ್ಲದ ಮಂಚದಂತೆ, ಇವುಗಳಲ್ಲಿ ಒಂದಿಲ್ಲದ ಮೌಲ್ಯಮಾಪನ ಒಂದು ಕಡೆಗೆ ವಾಲುತ್ತದೆ.

ನೀವೇ ಮಾಡಿ ನೋಡಿ

ಪದವಿಗೆ ಕಾಯದೆ ಈಗಲೇ ಮಾಡಬಹುದಾದ ಒಂದು ಪ್ರಯೋಗವಿದೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ಊರು ಊರಿಗೂ ಪ್ರಕಟಿಸುವ ಮಾರ್ಗಸೂಚಿ ದರಗಳು ಸಾರ್ವಜನಿಕರಿಗೆ ದೊರೆಯುತ್ತವೆ. ಕಲಬುರಗಿಯಿಂದ ಕಮಲಾಪುರದ ವರೆಗೆ ದಾರಿಯಲ್ಲಿ ಬರುವ ಹಳ್ಳಿಗಳ ದೂರವನ್ನೂ ಒಂದೇ ಬಗೆಯ ನೆಲದ ದರವನ್ನೂ ಬರೆದುಕೊಂಡು, ಲಾಗರಿದಮ್ ಗೆರೆಗಳ ನಕ್ಷೆಹಾಳೆಯಲ್ಲಿ ಚುಕ್ಕೆಗಳನ್ನಿಡಿರಿ. ನಗರಗಳಲ್ಲಿ ಜನಸಾಂದ್ರತೆಯು ಕೇಂದ್ರದಿಂದ ದೂರವಾದಂತೆ ಘಾತೀಯ ನಿಯಮದಂತೆ ಕುಗ್ಗುವುದನ್ನು ಕಾಲಿನ್ ಕ್ಲಾರ್ಕ್ 1951ರಲ್ಲಿ ತೋರಿಸಿದ್ದನು. ನೆಲದ ದರವೂ ಹಾಗೆ ಕುಗ್ಗುವುದಾದರೆ ಚುಕ್ಕೆಗಳು ಸರಳರೇಖೆಯ ಬಳಿ ಬೀಳಬೇಕು. ಬೀಳದ ಚುಕ್ಕೆಗಳೇ ಹೆಚ್ಚು ಸ್ವಾರಸ್ಯ. ಅಲ್ಲಿ ಕೂಡುರಸ್ತೆ ಇದೆಯೇ? ಕೈಗಾರಿಕಾ ಪ್ರದೇಶವೇ? ತಾಲ್ಲೂಕು ಕೇಂದ್ರವಾದ ಕಮಲಾಪುರವೇ ರೇಖೆಯನ್ನು ಮೇಲಕ್ಕೆ ಎಳೆಯುತ್ತಿದೆಯೇ? ಇಲ್ಲವೆ ದರವನ್ನೇ ತಪ್ಪಾಗಿ ಕಟ್ಟಿದ್ದಾರೆಯೇ? ಒಂದೊಂದು ಚುಕ್ಕೆಗೂ ಕಾರಣವನ್ನು ಹುಡುಕುತ್ತ ಹೋದರೆ ಈ ಶಾಸ್ತ್ರದ ಮೊದಲ ಪಾಠ ಮುಗಿದಂತೆ.

ಒಂದು ಒಕ್ಕಲು ಮನೆತನ ನೆಲವನ್ನು ಮಾರುವುದು ತಲೆಮಾರಿಗೊಮ್ಮೆ: ಮಗಳ ಮದುವೆಗೋ, ಸಾಲಕ್ಕೋ, ಆಸ್ಪತ್ರೆಯ ಖರ್ಚಿಗೋ. ಕೊಳ್ಳಲು ಬರುವವನಿಗೆ ಅದು ದಿನದ ಕಸುಬು. ಒಬ್ಬನು ನೂರು ಸಲ ಮಾಡಿದ ಅಳತೆಯನ್ನು ಇನ್ನೊಬ್ಬನು ಒಮ್ಮೆಯೂ ಮಾಡಿರುವುದಿಲ್ಲ. ಈ ಇಬ್ಬರ ನಡುವೆ ನಿಂತು, ಯಾರ ಕಡೆಗೂ ವಾಲದೆ, ಇಂಥ ಕಾರಣಗಳಿಂದ ಈ ನೆಲಕ್ಕೆ ಇಷ್ಟು ಬೆಲೆ ಎಂದು ಲೆಕ್ಕವನ್ನು ಬಿಡಿಸಿ ಹೇಳಬಲ್ಲವರು ಬೇಕಾಗಿದ್ದಾರೆ. ರಿಯಲ್ ಎಸ್ಟೇಟನ್ನು ವೃತ್ತಿಯಾಗಿ ಆರಿಸಿಕೊಳ್ಳುವ ವಿದ್ಯಾರ್ಥಿಯು ಮೊದಲು ಆ ಲೆಕ್ಕವನ್ನು ಕಲಿಯಲಿ. ಗಿರಾಕಿಗಳು ಆ ಮೇಲೆ ಬಂದಾರು.